ಹಸುವಿಗೆ ಸೊನ್ನೆ

ರಗಳೆಯೆಲ್ಲ ಶುರುವಾದದ್ದು ಒಂದು ಹಸುವಿನ ಚಿತ್ರದಿಂದ.

ಲುಬಬಾಲೊ ಅದನ್ನು ಮಾಂಪಿಂಗಾ ಅಜ್ಜಿಯ ಮೂಗಿನ ಮುಂದೆ ಹಿಡಿದು, ತರಬೇತಿಯಲ್ಲಿ ಕಲಿಸಿದಂತೆಯೇ ನಗದೆ, ಹುಬ್ಬು ಏರಿಸದೆ, "ಇದೇನಮ್ಮಾ?" ಎಂದ.

"ಹುಳಿಮೊಸರು ಕೊಡೋಳು," ಎಂದಳು ಅಜ್ಜಿ.

ಲುಬಬಾಲೊನ ಕೈಲಿದ್ದ ಟ್ಯಾಬ್ಲೆಟ್ಟಿನಲ್ಲಿ ಇದ್ದದ್ದು ಎರಡೇ ಖಾನೆ: ಸರಿ, ತಪ್ಪು. ಹುಳಿಮೊಸರಿಗೆ ಮೂರನೆಯ ಖಾನೆ ಇರಲಿಲ್ಲ.

ಹಿರಿಯರ ನೆನಪಿನ ಶಕ್ತಿ ಅಳೆಯುವ ಕೆಲಸಕ್ಕೆ ಉಮ್ತಾತಾದ ಸಂಶೋಧನಾ ಕಚೇರಿಯವರು ಅವನನ್ನು ತಿಂಗಳ ಮಟ್ಟಿಗೆ ಇಟ್ಟುಕೊಂಡಿದ್ದರು. ಮೂವತ್ತು ಚಿತ್ರ, ಮೂವತ್ತು ಅಂಕ. ಅವತ್ತು ಸಂಜೆ ಐದಕ್ಕೆ ಅವನಂಥ ಐದು ಜನ ತಾತ್ಕಾಲಿಕದವರಲ್ಲಿ ಒಬ್ಬನನ್ನು ಎರಡು ವರ್ಷದ ಕೆಲಸಕ್ಕೆ ಆರಿಸುವವರಿದ್ದರು. ಅವನು ಕೆಲಸವಿಲ್ಲದೆ ಕೂತ ಆರು ವರ್ಷದಿಂದ ಹೆಂಡತಿ ಬಸ್ ನಿಲ್ದಾಣದಲ್ಲಿ ಬೋಂಡ ಕರಿದು ಸಂಸಾರ ನಡೆಸುತ್ತಿದ್ದಳು. ಒಂದು ದಿನವೂ ಹಂಗಿಸಿರಲಿಲ್ಲ. ಹಂಗಿಸಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು. ಇವತ್ತಾದರೂ ಕೆಲಸದ ಪತ್ರ ಹಿಡಿದು ಮನೆಗೆ ಹೋಗಬೇಕು ಎನ್ನುವುದೊಂದೇ ಅವನ ಆಸೆ.

ಅಜ್ಜಿಗೆ ಹಸು ಗೊತ್ತಿಲ್ಲದೆ ಏನಿಲ್ಲ. ಆದರೆ ಗಂಡನ ಮನೆಯ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಹೆಸರಷ್ಟೇ ಅಲ್ಲ, ಆ ಹೆಸರಿನೊಳಗೆ ಕೂತಿರುವ ಮಾತೂ ಬರಬಾರದು. ಮಾಂಪಿಂಗಾಳ ಮಾವನ ಹೆಸರಿನಲ್ಲಿ ಹಸು ಇತ್ತು, ದೊಡ್ಡ ಮಾವನ ಹೆಸರಿನಲ್ಲಿ ನೀರಿತ್ತು, ಭಾವಂದಿರ ಹೆಸರುಗಳಲ್ಲಿ ಮರ, ನಾಯಿ, ಚಂದ್ರ ಎಲ್ಲ ಇದ್ದವು. ಅದು ಅಂಥ ತುಂಬಿದ ಮನೆ. ಐವತ್ತೆಂಟು ವರ್ಷದಿಂದ ಅವಳು ಹಸುವನ್ನು ಹಸು ಎಂದಿರಲಿಲ್ಲ.

"ಅಮ್ಮಾ, ನನ್ನ ಹೆಂಡ್ತಿನೂ ಹಿಂಗೇ. ನನಗೆ ಗೊತ್ತು. ಆದರೆ ಈ ಯಂತ್ರಕ್ಕೆ ಗೊತ್ತಿಲ್ಲವಲ್ಲ. ಒಂದೇ ಒಂದ್ಸಲ ಅಂದ್ಬಿಡಿ, ಮೆಲ್ಲಗೆ."

"ಮೆಲ್ಲಗಾ?" ಅಜ್ಜಿ ದನದ ದೊಡ್ಡಿಯ ಕಡೆ ಗದ್ದ ತಿರುಗಿಸಿದಳು. "ಅಲ್ಲಿ ಮಲಗಿದಾರೆ ನಮ್ಮ ಮಾವ. ಬದುಕಿದ್ದಾಗಲೇ ಪಿಸುಮಾತು ಕೇಳಿಸ್ಕೋತಿದ್ದರು. ಈಗ ಬೇರೆ ಕೆಲಸಾನೂ ಇಲ್ಲ ಅವರಿಗೆ."

ಸಮಾಧಿ ಕಾಣದ ಜಾಗಕ್ಕೆ ಹೋಗೋಣ ಎಂದು ಲುಬಬಾಲೊ ಅಜ್ಜಿಯನ್ನು ಗುಡ್ಡದ ಹಿಂದಕ್ಕೆ ಕರೆದುಕೊಂಡು ಹೋದ. ಕೊಡೆ ಹಿಡಿದ ಅಜ್ಜಿ ಮುಂದೆ, ಕುರ್ಚಿ ಹೊತ್ತ ಲುಬಬಾಲೊ ಹಿಂದೆ. ಇದನ್ನು ನೋಡಿಯೂ ಎಮಾಬೆಲೆನಿಯಂಥ ಊರಿನವರು ಮನೆಯೊಳಗೆ ಕೂರುತ್ತಾರೆಯೇ? ಗುಡ್ಡ ಇಳಿಯುವಷ್ಟರಲ್ಲಿ ಹನ್ನೆರಡು ಜನ ಜೊತೆಯಾಗಿದ್ದರು.

"ಗಾಳಿ ಆ ಕಡೆಗೇ ಬೀಸ್ತಿದೆ," ಎಂದ ಮುದುಕ ಸಿಗಿಡಿ, ಬೆರಳು ಒದ್ದೆ ಮಾಡಿ ಮೇಲೆತ್ತಿ. "ಇಲ್ಲಿ ಅಂದದ್ದು ನೆಟ್ಟಗೆ ಸಮಾಧಿಗೇ ಹೋಗುತ್ತೆ."

ಅಜ್ಜಿ ಮತ್ತೆ ತುಟಿ ಬಿಗಿದಳು. ಆಗ ಅವಳ ನಾದಿನಿ ತೊಝಾಮಾ ಮುಂದೆ ನುಗ್ಗಿದಳು. ಅವಳು ಆ ಮನೆಯ ಮಗಳು, ಅವಳಿಗೆ ಯಾವ ಕಟ್ಟೂ ಇಲ್ಲ. "ಅಯ್ಯೋ, ನಾನು ಹೇಳ್ತೀನಿ ಬಿಡಪ್ಪ! ಹಸು! ನೀರು! ಮರ! ಕೊಡಲಿ, ಚಮಚ, ಟೋಪಿ, ಬುಟ್ಟಿ! ಬರ್ಕೋ!"

"ಹೇಳಿಕೊಡಬಾರದಮ್ಮಾ!" ಎಂದು ಲುಬಬಾಲೊ ಕೂಗಿಕೊಂಡ. ಹೇಳಿಕೊಟ್ಟ ಚಿತ್ರಕ್ಕೆ ಸೊನ್ನೆ ಎಂಬುದು ನಿಯಮ. ತೊಝಾಮಾಳ ಉಪಕಾರದಿಂದ, ಅಜ್ಜಿ ತಾನೇ ಹೇಳಬಹುದಾಗಿದ್ದ ನಾಲ್ಕು ಚಿತ್ರಗಳ ಅಂಕವೂ ಹೋಯಿತು. ಕೊನೆಗೆ ಸಿಕ್ಕಿದ್ದು ಮೂವತ್ತಕ್ಕೆ ಆರು. ಟ್ಯಾಬ್ಲೆಟ್ ಮೈತುಂಬ ಕೆಂಪಾಗಿ ಕೀರಲು ದನಿಯಲ್ಲಿ ಅರಚಿತು: ತೀವ್ರ ಮರೆವು, ಒಂಟಿಯಾಗಿ ಬಿಡಬೇಡಿ.

ಸುದ್ದಿಗೆ ಕಾಲು ಬಂತು. ಅರ್ಧ ಗಂಟೆಯಲ್ಲಿ ಮಾಂಪಿಂಗಾಳ ಅಂಗಳದಲ್ಲಿ ಸಾವಿನ ಮನೆಯ ಕಳೆ. ಒಬ್ಬಳು ಹಬೆಯಲ್ಲಿ ಬೇಯಿಸಿದ ರೊಟ್ಟಿ ತಂದಳು, ಇನ್ನೊಬ್ಬಳು ಪ್ರಾರ್ಥನೆ ಎತ್ತಿಕೊಂಡಳು. ಸಿಗಿಡಿ ಅಜ್ಜಿಯ ಮುಂದೆ ಬಗ್ಗಿ, ಕಿವುಡರೊಡನೆ ಮಾತಾಡುವ ಹಾಗೆ, "ನಾನು ಯಾರು ಗೊತ್ತಾ?" ಎಂದು ಕಿರುಚಿದ.

"ಗೊತ್ತಿಲ್ಲದೆ ಏನು? ನನ್ನ ಮದುವೇಲಿ ಕಪ್ಪು ಹೋರಿಯ ಪಕ್ಕೆಲುಬು ಕದ್ದು ಒಲೆ ಹಿಂದೆ ಕೂತು ತಿಂದವನು," ಎಂದಳು ಅಜ್ಜಿ. "ಹೆಣ್ಣಿನ ತೆರ ಅಂತ ನಮ್ಮಪ್ಪನಿಗೆ ಕೊಟ್ಟ ಒಂಬತ್ತು ಹುಳಿಮೊಸರಿನೋರ ಬಣ್ಣಾನೂ ಹೇಳ್ಲಾ? ಎರಡು ಕೆಂದ, ಒಂದು ಬೂದಿ, ಮೂಗಿನ ಮೇಲೆ ಮಚ್ಚೆ ಇದ್ದದ್ದೊಂದು, ಕುಂಟೋದೊಂದು. ಕುಂಟೋದನ್ನ ಕೊಟ್ಟದ್ದು ನಿನ್ನ ಅಣ್ಣ!"

ಯಾರೂ ನಗಲಿಲ್ಲ. ಕೆಂಪಾದ ಯಂತ್ರ ಸುಳ್ಳು ಹೇಳುತ್ತದೆಯೇ? ಆಗ ಗುಂಪಿನ ಹಿಂದಿನಿಂದ ಮಾದ್ಲೋಮೊ ಎಂಬ ಮುದುಕಿ ಸಣ್ಣ ದನಿಯಲ್ಲಿ ಹೇಳಿದಳು:

"ನನಗೂ ಹಿಂಗೇ ಆಯ್ತು ತಮ್ಮಾ. ಹೋದ ತಿಂಗಳು ಬೇರೆಯವನು ಬಂದಿದ್ದ. ಒಲೇಲಿ ಉರಿಯೋದರ ಚಿತ್ರ ತೋರಿಸ್ದ. ನಮ್ಮ ಅತ್ತೆ ಹೆಸರಲ್ಲಿ ಅದೇ ಇದೆ. 'ಕೆಂಪಗೆ ನೆಕ್ಕೋದು' ಅಂದೆ. ಅವತ್ತಿಂದ ಮಗ ಕಡ್ಡಿಪೊಟ್ಣ ಬಚ್ಚಿಟ್ಟಿದಾನೆ. ಒಂದು ಲೋಟ ಚಹಾ ಕಾಸ್ಕೊಳಕ್ಕೂ ಸೊಸೇನ ಕೇಳ್ಬೇಕು."

"ನನ್ನ ಕೈಯಿಂದ ಮೊಮ್ಮಗೂನೇ ಕಿತ್ಕೊಂಡ್ರು," ಎಂದಳು ಅವಳ ಪಕ್ಕದ ಮಾರಾದೇಬೆ. "ಎಲ್ಲಾದ್ರೂ ಇಟ್ಟು ಮರೀತೀನಂತೆ."

ಲುಬಬಾಲೊ ಮೂವರನ್ನೂ ನೋಡಿದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಫಾರಂ ಹೇಗಿದೆಯೋ ಹಾಗೇ ಕಳಿಸಿದರೆ ಕೆಲಸಕ್ಕೆ ತೊಂದರೆಯಿಲ್ಲ. ತಕರಾರು ತೆಗೆದ ತಾತ್ಕಾಲಿಕದವನನ್ನು ಯಾವ ಕಚೇರಿ ಇಟ್ಟುಕೊಂಡೀತು? ಆದರೂ ಅವನ ಕೈ ಜೇಬಿನ ಫೋನಿಗೆ ಹೋಯಿತು. ನೇರವಾಗಿ ದೊಡ್ಡ ಡಾಕ್ಟರಿಗೇ, ಫೆರೇರಾ ಮೇಡಮ್ಮಿಗೇ ಹಚ್ಚಿದ.

"ಮೇಡಂ, ನಮ್ಮ ಪರೀಕ್ಷೆ ತಪ್ಪು," ಎಂದವನೇ ತನ್ನ ಧೈರ್ಯಕ್ಕೆ ತಾನೇ ಬೆಚ್ಚಿದ. "ಇಲ್ಲಿ ಮೂವರು ಅಜ್ಜಿಯರಿದಾರೆ, ಇವರು ಯಾವ ಮಾತು ಆಡಬಾರದು ಅನ್ನೋದನ್ನ ಐವತ್ತು ವರ್ಷದಿಂದ ನೆನಪಿಟ್ಕೊಂಡು, ಅದರ ಬದಲಿಗೆ ಇನ್ನೊಂದು ಮಾತು ತಕ್ಷಣ ಹೇಳ್ತಾರೆ. ನಾನು ನೀವು ಒಂದಿನ ಮಾಡಿ ನೋಡೋಣ. ಮರೆವು ಇವರಿಗಲ್ಲ ಮೇಡಂ."

ಆ ಕಡೆ ಮೇಡಂ ನಿಟ್ಟುಸಿರಿಟ್ಟರು. "ದೇವರೇ, ಎಷ್ಟು ಜನಕ್ಕೆ ಹೀಗೆ ಮಾಡಿಬಿಟ್ಟಿದೀವೋ! ಒಬ್ಬರಾದ್ರೂ ನನಗೆ ಹೇಳಬಾರದಿತ್ತಾ? ಬದಲಿ ಮಾತು ಎಲ್ಲಾನೂ ಸರಿ ಅಂತ ಹಾಕಿ. ಆ ಮೂವರನ್ನೂ ಈಗಲೇ ಮತ್ತೆ ಪರೀಕ್ಷೆ ಮಾಡಿ. ನಾನು ವಿಮಾನ ಹತ್ತುತಿದೀನಿ, ಫೋನ್ ಇರಲ್ಲ. ಥ್ಯಾಂಕ್ಸ್ ಲುಬಬಾಲೊ, ನಿಜವಾಗ್ಲೂ."

ಮಧ್ಯಾಹ್ನ ಮೂರಕ್ಕೆ ಮಾಂಪಿಂಗಾಳಿಗೆ ಇಪ್ಪತ್ತೊಂಬತ್ತು, ಮಾದ್ಲೋಮೊಗೆ ಇಪ್ಪತ್ತೇಳು, ಮಾರಾದೇಬೆಗೆ ಇಪ್ಪತ್ತೆಂಟು. ಮಾದ್ಲೋಮೊಳ ಮಗ ಎಲ್ಲರೆದುರು ಬೆಂಕಿಪೊಟ್ಟಣ ತಂದು ಎರಡೂ ಕೈಯಿಂದ ತಾಯಿಗೆ ಒಪ್ಪಿಸಿದ. ಅವಳು ಒಂದು ಕಡ್ಡಿ ಗೀರಿ, ಉರಿಯುವುದನ್ನು ನೋಡಿ, ಸುಮ್ಮನೆ ಊದಿ ಆರಿಸಿದಳು. ಮಾರಾದೇಬೆಯ ಬೆನ್ನಿಗೆ ಮೊಮ್ಮಗು ವಾಪಸ್ ಬಂತು. ಲುಬಬಾಲೊ ಟ್ಯಾಬ್ಲೆಟ್ ಒರೆಸುತ್ತ ನಿಂತ.

ಅಂಗಳದ ಶೋಕ ಹಬ್ಬವಾಯಿತು. ಹುಂಜ ಸಾರಾಯಿತು, ಬೇಯಿಸಿದ ಜೋಳ ಹುರುಳಿ ಬಂತು, ಶುಂಠಿಯ ಪಾನಕ ಬಕೆಟ್ಟಿನಲ್ಲಿ ಬಂತು. ಮನೆಗೆ ಬಂದವರನ್ನು ಮೊದಲು ಕೇಳಬೇಕಾದದ್ದನ್ನು ಅಜ್ಜಿ ಈಗ ಕೇಳಿದಳು. ಸಲುಗೆ ಬೆಳೆದರೆ ಉತ್ತರ ಕೆಡುತ್ತದೆ, ಪರೀಕ್ಷೆ ಮುಗಿಯುವ ತನಕ ಕುಲ ಹೇಳಬೇಡಿ ಎಂದು ಕಚೇರಿಯ ಕಟ್ಟಪ್ಪಣೆ ಇತ್ತು.

"ಈಗಲಾದ್ರೂ ಹೇಳಪ್ಪಾ, ನೀನು ಯಾವ ಕುಲದ ಮಗ?"

"ಜೋಲಾ, ಅಮ್ಮಾ."

ಅಂಗಳದಲ್ಲಿ ಹೋ ಎಂದು ಕೂಗೆದ್ದಿತು. ಆ ಊರಿನ ಮುಕ್ಕಾಲು ಮನೆ ಜೋಲಾಗಳದ್ದು, ಮೂವರು ಮುದುಕಿಯರೂ ಜೋಲಾಗಳ ಸೊಸೆಯರು. ಮಾಂಪಿಂಗಾ ಶಾಲು ಹೊದ್ದು, ತಲೆಬಟ್ಟೆ ಹಣೆಗೆ ಎಳೆದು, ಅವನ ಮುಂದೆ ಮಂಡಿಯೂರಿದಳು. ಮಿಕ್ಕಿಬ್ಬರೂ ಹಾಗೆಯೇ ಊರಿದರು.

"ವಯಸ್ಸಲ್ಲಿ ಚಿಕ್ಕವರಿರಬಹುದು. ಆದರೆ ನಮ್ಮ ಮರ್ಯಾದೆ ಉಳಿಸಿದ್ರಿ. ಇವತ್ತಿಂದ ನೀವು ನಮಗೆ ದೊಡ್ಡ ಭಾವ."

ಮೂವತ್ತೆಂಟು ವರ್ಷದ ಲುಬಬಾಲೊ ಎಪ್ಪತ್ತಾರರ ಅಜ್ಜಿಗೆ ದೊಡ್ಡ ಭಾವನಾದ. ಕಚೇರಿಯವರನ್ನು ಬಿಟ್ಟರೆ ಆರು ವರ್ಷದಲ್ಲಿ ಯಾರೂ ಅವನನ್ನು ಬಹುವಚನದಲ್ಲಿ ಕರೆದಿರಲಿಲ್ಲ. ಅವನ ಕಣ್ಣು ತುಂಬಿತು. ಈ ಹೊತ್ತಿಗೆ ಹೆಂಡತಿ ಇಲ್ಲಿರಬೇಕಿತ್ತು ಎಂದುಕೊಂಡ.

ನಾಲ್ಕೂವರೆಗೆ ಅಜ್ಜಿಯ ಫೋನು ಬಡಿದುಕೊಂಡಿತು. ಎಲ್ಲರಿಗೂ ಕೇಳುವಂತೆ ಅವಳು ಗುಂಡಿ ಒತ್ತಿದಳು.

"ನಮಸ್ಕಾರಮ್ಮ, ಕೇಪ್‌ಟೌನಿನ ತಪಾಸಣೆಯಿಂದ. ಕೆಲವರು ಊರಿಗೆ ಹೋಗದೆ ಮರದ ಕೆಳಗೆ ಕೂತು ಫಾರಂ ತುಂಬ್ತಾರೆ ನೋಡಿ, ಅದಕ್ಕೆ ಕೇಳೋದು. ಇವತ್ತು ನಿಮ್ಮನ್ನ ಪರೀಕ್ಷೆ ಮಾಡಿದವರು ತಮ್ಮ ಹೆಸರು ಹೇಳಿರ್ತಾರೆ. ಏನದು?"

"ಹೇಳಕ್ಕಾಗಲ್ಲಪ್ಪ," ಎಂದಳು ಅಜ್ಜಿ ಗಂಭೀರವಾಗಿ.

"ಮರೆತುಹೋಯ್ತಾ?"

"ಮರೆಯೋದಾ? ಸಾಯೋ ತನಕ ಮರೆಯಲ್ಲ. ಹೇಳಲ್ಲ ಅಷ್ಟೇ. ಜೋಲಾ ಅಂತ ಬರ್ಕೋ."

"ಜೋಲಾಗಳು ಸಾವಿರಾರು ಜನ ಇದಾರಮ್ಮ. ಅವರ ಸ್ವಂತ ಹೆಸರು?"

ಲುಬಬಾಲೊ ಕೋಳಿ ತೊಡೆ ಬಿಟ್ಟು ಎದ್ದ. ತಾನೇ ಮಾತಾಡಿದರೆ ತಾನೇ ಹೇಳಿಕೊಟ್ಟಂತೆ. ಅವನು ಎರಡೂ ಕೈ ಜೋಡಿಸಿ, ಮೂಕರಂತೆ ಬಾಯಿ ತೆರೆದು ಮುಚ್ಚಿ ಅಜ್ಜಿಯನ್ನು ಬೇಡಿದ. ಭಾವನ ಸಂಕೋಚ ಎಷ್ಟು ಚೆನ್ನ ಎಂಬಂತೆ ಅವಳು ಮುಗುಳ್ನಕ್ಕು ಫೋನನ್ನು ಮಾದ್ಲೋಮೊಗೆ ದಾಟಿಸಿದಳು.

"ದೇವರಂಥವರು ಕಣಪ್ಪ. ಆದರೆ ಹೆಸರು ಮಾತ್ರ ಕೇಳ್ಬೇಡ," ಎಂದಳು ಮಾದ್ಲೋಮೊ. ಮಾರಾದೇಬೆ ಇನ್ನೂ ಬಿಗಿ. "ಹೆತ್ತ ಮಗ ಕೇಳಿದ್ರೂ ಹೇಳಲ್ಲ. ನೀನ್ಯಾರು?"

"ಲುಬಬಾಲೊ! ಲುಬಬಾಲೊ ಕಣಯ್ಯಾ!" ಎಂದು ತೊಝಾಮಾ ದೂರದಿಂದಲೇ ಗಂಟಲು ಹರಿದುಕೊಂಡಳು.

"ಯಾರೋ ಹಿಂದಿನಿಂದ ಹೇಳಿಕೊಡ್ತಿದಾರೆ," ಎಂದಿತು ಆ ದನಿ ಬೇಸರದಿಂದ. "ಅದನ್ನೂ ಬರ್ಕೋತೀನಿ. ಇವತ್ತು ಪರೀಕ್ಷೆ ಆದ ಮೂವರಲ್ಲಿ ಒಬ್ಬರೂ ಹೆಸರು ಹೇಳಲಿಲ್ಲ ಅಂದ್ರೆ ಯಾರೂ ಬಂದಿಲ್ಲ ಅಂತಲೇ ಲೆಕ್ಕ. ನಮಸ್ಕಾರ."

ಲುಬಬಾಲೊ ಫೆರೇರಾ ಮೇಡಮ್ಮಿಗೆ ಏಳು ಸಲ ಹಚ್ಚಿದ. ಮೇಡಂ ಮೋಡದ ಮೇಲಿದ್ದರು. ಐದಕ್ಕೆ ಎರಡು ನಿಮಿಷ ಇರುವಾಗ ಟ್ಯಾಬ್ಲೆಟ್ ಮತ್ತೆ ಕೆಂಪಾಯಿತು: ಈ ದಿನ ನೀವು ಎಮಾಬೆಲೆನಿಗೆ ಹೋದ ಪುರಾವೆಯಿಲ್ಲ. ಕೆಲಸ ಬೇರೆಯವರಿಗೆ ಕೊಡಲಾಗಿದೆ. ನಾಳೆ ಬಂದು ಯಂತ್ರ ಒಪ್ಪಿಸಿ.

ಮಾಂಪಿಂಗಾ ಬಂದು ಹುಂಜದ ಇನ್ನೊಂದು ತೊಡೆಯನ್ನೂ ಅವನ ತಟ್ಟೆಗೆ ಹಾಕಿದಳು. ಅವಳ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

"ಎಷ್ಟು ಪೀಡಿಸಿದ ನೋಡಿದ್ರಾ ಜೋಲಾ? ನಿಮ್ಮ ಋಣ ನಾವು ಮರೀತೀವಾ? ನಮ್ಮಲ್ಲಿ ಒಬ್ಬಳ ಬಾಯಿಂದಾನೂ ನಿಮ್ಮ ಹೆಸರು ಹೊರಗೆ ಬೀಳಲಿಲ್ಲ."

ಲುಬಬಾಲೊ ಆ ಮೂರು ಮುಖಗಳನ್ನೂ ನೋಡಿದ.

"ದೊಡ್ಡ ಉಪಕಾರ ಆಯ್ತಮ್ಮಾ," ಎಂದು ತೊಡೆ ಕಚ್ಚಿದ.