ಸೂಕ್ಷ್ಮದರ್ಶಕದ ಮೇಲಿನ ದಾಸವಾಳ

ಕೊಡಿಯಾಲ್‌ಬೈಲಿನ ನಮ್ಮ ಪ್ರೌಢಶಾಲೆಯ ಸೂಕ್ಷ್ಮದರ್ಶಕವು ಕೆಲವು ವರ್ಷಗಳಿಂದ ಪೂಜೆಯಲ್ಲಿದೆ.

ಇದರಲ್ಲಿ ಯಾರ ತಪ್ಪೂ ಇಲ್ಲ. ಒಂದು ಆಯುಧಪೂಜೆಯ ದಿನ ಆಡಳಿತ ಮಂಡಳಿಯ ಅಧ್ಯಕ್ಷರಾದ ಸಂಕಪ್ಪನವರು ಪದ್ಧತಿಯಂತೆ ಸೂಕ್ಷ್ಮದರ್ಶಕಕ್ಕೆ ಕೆಂಪು ರೇಷ್ಮೆ ಹೊದಿಸಿ, ಮೇಲೊಂದು ದಾಸವಾಳ ಇಟ್ಟು ಕೈಮುಗಿದರು. ಪೂಜೆಗಿಟ್ಟದ್ದನ್ನು ಮರುದಿನ ವಿಜಯದಶಮಿಯಂದು ಅಧ್ಯಕ್ಷರೇ ತೆಗೆಯಬೇಕೆಂಬುದು ನಮ್ಮಲ್ಲಿಯ ಕ್ರಮ. ಮರುದಿನ ಇಬ್ಬರು ಅಧ್ಯಕ್ಷರು ಬಂದರು. ಹಿಂದಿನ ಸಂಜೆಯ ತುರ್ತು ಸಭೆಯಲ್ಲಿ ತಾನು ಆಯ್ಕೆಯಾಗಿರುವುದಾಗಿ ಸಂಕಪ್ಪನವರ ಭಾವ ಲೋಕನಾಥರು ತಿಳಿಸಿದರು. ಶಾಲೆಯ ಎದುರಿನ ರಸ್ತೆ ಅಗಲವಾಗಿ ಜಾಗಕ್ಕೆ ಬೆಲೆ ಬಂದಂದಿನಿಂದ ಇಬ್ಬರಿಗೂ ವಿದ್ಯಾದಾನದಲ್ಲಿ ಶ್ರದ್ಧೆ ಹೆಚ್ಚಿತ್ತು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಯಥಾಸ್ಥಿತಿ ಕಾಪಾಡಬೇಕೆಂದು ಆದೇಶವಾಯಿತು. ಪೂಜೆಯ ದಿನ ದಾಸವಾಳ ಅರಳಿತ್ತು. ಆದುದರಿಂದ ದಿನವೂ ಅರಳಿದ ದಾಸವಾಳವನ್ನೇ ಇಡತಕ್ಕದ್ದೆಂದು ಎರಡೂ ಕಡೆಯ ವಕೀಲರು ಒಪ್ಪಿದರು. ಅವರು ಒಪ್ಪಿದ್ದು ಅದೊಂದನ್ನೇ.

ನಾನು ಇಲ್ಲಿಯ ಆಫೀಸ್ ಮ್ಯಾನೇಜರ್. ಕದ್ರಿ ದೇವಸ್ಥಾನದಲ್ಲಿ ಕೈಮುಗಿಯದೆ ಕೆಲಸಕ್ಕೆ ಬಂದವನಲ್ಲ. ಪ್ರಯೋಗಾಲಯದ ಅನುದಾನ ದೀಪದೆಣ್ಣೆಗೂ ರೇಷ್ಮೆಗೂ ಸದ್ವಿನಿಯೋಗವಾಗುವುದನ್ನು ಕಂಡು ಸಮಾಧಾನಪಡುತ್ತೇನೆ.

ಹೀಗಿರಲು ನಮ್ಮ ಶಾಲೆಗೆ ರೆಸಿಡೆನ್ಸಿ ಯೋಜನೆ ಮಂಜೂರಾಯಿತು. ವಿಜ್ಞಾನ ಓದಿದವರು ಒಂದು ವರ್ಷ ಶಾಲೆಯಲ್ಲೇ ಇದ್ದು, ಹಿರಿಯ ಶಿಕ್ಷಕರ ಕೈಕೆಳಗೆ ಕಲಿಸಲು ಕಲಿಯುವುದು, ಕಲಿಯುವಾಗಲೇ ಸಂಬಳ. ಕೊನೆಗೆ ಪರಿವೀಕ್ಷಕರ ಎದುರು ಮಕ್ಕಳಿಂದ ಒಂದು ಪ್ರಯೋಗ ಮಾಡಿಸಬೇಕು. ಮಾಡಿಸಿದರೆ ಖಾಯಂ ಕೆಲಸ, ಇಲ್ಲದಿದ್ದರೆ ಮನೆ.

ಅತ್ತಾವರದ ಆಸ್ಪತ್ರೆಯೊಂದರ ಲ್ಯಾಬ್ ಕೆಲಸ ಬಿಟ್ಟು ಬಂದ ಗ್ರೀಷ್ಮಾ ಮೊದಲ ದಿನವೇ ಬ್ಯಾಗಿನಿಂದ ಒಂದು ನೀರುಳ್ಳಿ ತೆಗೆದಳು.

"ಸರ್, ಎಂಟನೇ ಕ್ಲಾಸಿನವರಿಗೆ ಇದರ ಸಿಪ್ಪೆಯಲ್ಲಿ ಜೀವಕೋಶ ತೋರಿಸ್ಬೇಕಿತ್ತು."

"ಧಾರಾಳ ತೋರಿಸಿ ಟೀಚರ್," ಎಂದೆ. "ಬಟ್ಟೆ ತೆಗೆಯುವ ಹಾಗಿಲ್ಲ. ಮತ್ತೆ, ಪೂಜೆಯ ಕೋಣೆಗೆ ನೀರುಳ್ಳಿ ತರುವ ಹಾಗಿಲ್ಲ."

"ಮತ್ತೆ ತೋರಿಸುವುದು ಹೇಗೆ?"

"ಅದನ್ನು ಕಲೀಲಿಕ್ಕೇ ಅಲ್ವಾ ನಿಮಗೆ ಒಂದು ವರ್ಷ ಕೊಟ್ಟದ್ದು," ಎಂದರು ಅವಳ ಮಾರ್ಗದರ್ಶಕಿ ವಿನಿಫ್ರೆಡ್ ಟೀಚರ್.

"ನೀವಾದ್ರೂ ಒಮ್ಮೆ ಬಟ್ಟೆ ಎತ್ತಬಹುದಿತ್ತು ಟೀಚರ್."

"ನಾನಾ? ನಾನು ಚರ್ಚಿಗೆ ಹೋಗುವವಳು ಮಾರಾಯ್ತಿ. ಇವತ್ತು ಮುಟ್ಟಿದ್ರೆ ನಾಳೆ ಪೇಪರಿನಲ್ಲಿ ನನ್ನ ಫೋಟೋ ಉಂಟು."

ತರಬೇತಿ ಕ್ರಮಬದ್ಧವಾಗಿ ನಡೆಯಿತು. ವರ್ಷದ ಮೊದಲ ಅವಧಿಯಲ್ಲಿ ಗ್ರೀಷ್ಮಾ ದೂರದಿಂದ ನೋಡಿದಳು. ಎರಡನೆಯದರಲ್ಲಿ ರೇಷ್ಮೆಯ ಮಡಿಕೆ ಕದಲದಂತೆ ದಾಸವಾಳ ಬದಲಿಸುವುದನ್ನು ಅಭ್ಯಾಸ ಮಾಡಿದಳು. ರಕ್ತ ಪರೀಕ್ಷೆ ಮಾಡಿದ ಕೈ, ಚೆನ್ನಾಗಿ ಒಲಿಯಿತು. ನಡುವೆ ಒಮ್ಮೆ ಆಸ್ಪತ್ರೆಯ ಗೆಳತಿಯಿಂದ ಸಣ್ಣದೊಂದು ಸೂಕ್ಷ್ಮದರ್ಶಕ ಕೇಳಿ ತಂದಳು. ಇನ್ನೊಂದು ಸೂಕ್ಷ್ಮದರ್ಶಕ ಬಂದರೆ ಯಥಾಸ್ಥಿತಿಗೆ ಭಂಗವೆಂದು ಒಬ್ಬ ಅಧ್ಯಕ್ಷರೂ, ಬಂದದ್ದು ಹೊರಗೆ ಹೋದರೆ ಭಂಗವೆಂದು ಇನ್ನೊಬ್ಬರೂ ಪತ್ರ ಬರೆದರು. ಅದಕ್ಕೂ ರೇಷ್ಮೆ ಹೊದಿಸಿ ಇಬ್ಬರನ್ನೂ ಸಮಾಧಾನಪಡಿಸಿದೆ. ಗೆಳತಿ ಈಗಲೂ ಫೋನ್ ಮಾಡುತ್ತಾಳೆ.

ಮೂರನೆಯ ಅವಧಿಯಲ್ಲಿ ಗ್ರೀಷ್ಮಾ ಪಾಠ ಮಾಡಿದಳು. ಝಹ್ರಾ ಎಂಬ ಹುಡುಗಿ ಎದ್ದು ನಿಂತಳು.

"ಟೀಚರ್, ಸಿಪ್ಪೆಯೊಳಗೆ ನಿಜವಾಗಿ ಎಂತ ಉಂಟು?"

"ಕೆಂಪುಕಲ್ಲು ಕಟ್ಟಿದ ಗೋಡೆಯ ಹಾಗೆ ಉಂಟು. ಒಂದೊಂದು ಕಲ್ಲಿನೊಳಗೆ ಒಂದೊಂದು ಚುಕ್ಕೆ."

"ನೀವು ನೋಡಿದ್ದೀರಾ?"

"ನೋಡಿದ್ದೇನೆ."

"ನಾವು?"

ಗ್ರೀಷ್ಮಾ ಬೋರ್ಡಿನ ಕಡೆ ತಿರುಗಿ ಗೋಡೆಯ ಚಿತ್ರ ಬರೆದಳು. ಬಹಳ ಹೊತ್ತು ಬರೆದಳು.

ಪರಿವೀಕ್ಷಣೆಯ ಮುಂಚಿನ ದಿನ ನನ್ನ ಮೇಜಿನ ಹತ್ತಿರ ಬಂದಳು. "ಸರ್, ಒಂದು ಪೀರಿಯಡ್ ಬಟ್ಟೆ ತೆಗೆದು ಮತ್ತೆ ಹಾಗೇ ಹೊದಿಸ್ತೇನೆ. ಮಕ್ಕಳು ಒಮ್ಮೆ ನೋಡ್ಲಿ. ದೇವರು ಬೇಡ ಅಂತಾರಾ?"

"ದೇವರು ಯಾವತ್ತೂ ಬೇಡ ಅನ್ನುವವರಲ್ಲ ಟೀಚರ್," ಎಂದೆ. "ಆದರೆ ಕೇಸಿನಲ್ಲಿ ದೇವರು ಪಾರ್ಟಿ ಅಲ್ಲ."

ಅವಳು ನಾಳೆಯ ದಾಸವಾಳದ ಮೊಗ್ಗು ಕೊಯ್ಯಲು ಹೋದಳು.

ಪರಿವೀಕ್ಷಕ ಜಮಾಲುದ್ದೀನ್ ಸಾಹೇಬರು ಚಪ್ಪಲಿ ಹೊರಗೆ ಬಿಟ್ಟು ಪ್ರಯೋಗಾಲಯಕ್ಕೆ ಬಂದರು. ನೀರುಳ್ಳಿ ಹೊರಗೆ ಜಗಲಿಯಲ್ಲಿ, ಸ್ಟೂಲಿನ ಮೇಲಿತ್ತು. ಮಕ್ಕಳು ಸಾಲಾಗಿ ಬಂದು ರೇಷ್ಮೆಯ ಮೇಲೆ ಬಾಗಿ ಒಂದು ಕಣ್ಣು ಮುಚ್ಚಿದರು.

"ಎಂತ ಕಾಣ್ತದೆ?" ಎಂದು ಗ್ರೀಷ್ಮಾ ಕೇಳಿದಳು.

ಝಹ್ರಾ ಟೀಚರ ಮುಖ ನೋಡಿದಳು. "ಕೆಂಪುಕಲ್ಲಿನ ಗೋಡೆ. ಒಳಗೆ ಚುಕ್ಕೆ."

ಸಾಹೇಬರೂ ಬಾಗಿದರು. ದಾಸವಾಳ ಕನ್ನಡಕಕ್ಕೆ ತಾಗದಂತೆ ಜಾಗ್ರತೆಯಿಂದ ನೋಡಿದರು.

"ಪುಸ್ತಕದಲ್ಲಿ ಇರುವ ಹಾಗೆಯೇ ಉಂಟು," ಎಂದರು. "ನಿನ್ನೆ ಹೋದ ಶಾಲೆಯಲ್ಲಿ ಇಷ್ಟು ಸ್ಪಷ್ಟ ಇರಲಿಲ್ಲ. ಅಲ್ಲಿ ಬಟ್ಟೆ ಹಾಕಿರಲಿಲ್ಲ."

ಗ್ರೀಷ್ಮಾ ಖಾಯಂ ಆದಳು. ಆದೇಶಕ್ಕೆ ಇಬ್ಬರು ಅಧ್ಯಕ್ಷರೂ ಬೇರೆ ಬೇರೆ ಸಹಿ ಹಾಕಿದ್ದರಿಂದ ಅವಳ ನೇಮಕಾತಿ ಇತರರದಕ್ಕಿಂತ ಭದ್ರವಾಗಿದೆ. ವಿನಿಫ್ರೆಡ್ ಟೀಚರ್ ನಿವೃತ್ತರಾದ ಮೇಲೆ ಮಾರ್ಗದರ್ಶಕಿಯೂ ಅವಳೇ.

ಈ ಜೂನ್‌ನಲ್ಲಿ ತುಷಾರ್ ಎಂಬ ತರುಣ ರೆಸಿಡೆನ್ಸಿಗೆ ಸೇರಿದ್ದಾನೆ. ಮೊದಲ ದಿನ ಅವನೂ ಬ್ಯಾಗಿಗೆ ಕೈಹಾಕಿದ.

"ಮೇಡಂ, ನೀರುಳ್ಳಿ ತಂದಿದ್ದೇನೆ. ಈ ಬಟ್ಟೆ—"

ಗ್ರೀಷ್ಮಾ ಅವನ ಕೈಯಿಂದ ನೀರುಳ್ಳಿ ತೆಗೆದುಕೊಂಡಳು. ಮೇಲಿನ ಸಿಪ್ಪೆಯನ್ನು ಉಗುರಿನಿಂದ ತೆಳ್ಳಗೆ ಎಬ್ಬಿಸಿ, ಕಿಟಕಿಯ ಬೆಳಕಿಗೆ ಹಿಡಿದು ಒಮ್ಮೆ ನೋಡಿದಳು. ಆಮೇಲೆ ಅವನ ಅಂಗೈಯಲ್ಲಿ ದಾಸವಾಳ ಇಟ್ಟಳು.

"ಮೊದಲು ಇದನ್ನು ಮಡಿಕೆ ಕದಲದ ಹಾಗೆ ಇಡ್ಲಿಕ್ಕೆ ಕಲೀರಿ," ಎಂದಳು. "ಕಾಣುವುದು ಆಮೇಲೆ."

ನೀರುಳ್ಳಿಯನ್ನು ಬಿಸಿಯೂಟದ ಸಾಂಬಾರಿಗೆ ಕಳುಹಿಸಿದೆ. ದೇವರು ಕೊಟ್ಟದ್ದನ್ನು ವ್ಯರ್ಥ ಮಾಡಬಾರದು.