ಕಟ್ಟಿದ ಮೇಲೆ ಕೇಳಿದ ಅಪ್ಪಣೆ

ಔರಂಗಾಬಾದಿನಲ್ಲಿ ಮನ್ಮಥಪ್ಪನವರು ಹಿತ್ತಲಲ್ಲಿ ಕಟ್ಟಿಸಿದ್ದನ್ನು ಅಡುಗೆಮನೆ ಎನ್ನಲು ದೊಡ್ಡ ಮನಸ್ಸು ಬೇಕು. ಆರಡಿ ಅಗಲ, ಏಳಡಿ ಉದ್ದ. ಹೆಂಡತಿ ರುಕ್ಮಿಣಿಬಾಯಿ ಒಳಗೆ ಹೋಗಿ ತಿರುಗಿದರೆ ಒಂದು ತಂಬಿಗೆಯಾದರೂ ಉರುಳಲೇಬೇಕು.

"ಮೂಡಣಕ್ಕ ಒಂದು ಕಿಟಕಿ ಇಡ್ರಿ ಅಂತ ಬಡಕೊಂಡೆ," ಎಂದು ಆಕೆ ಹೊಗೆಯಲ್ಲಿ ಕೆಮ್ಮುವರು.

"ಹೆಂಗಸರಿಗಿ ಇಂಜಿನಿಯರಿಂಗ್ ತಿಳಿಯಂಗಿಲ್ಲ," ಎನ್ನುವುದು ಪತಿದೇವರ ಉತ್ತರ. ದೀಪಾವಳಿ ರಜೆಯೆಲ್ಲ ತಾವೇ ನಿಂತು ಕಟ್ಟಿಸಿದ ಪಾಕಶಾಲೆ! ಬಂದವರಿಗೆ ಅದನ್ನು ತೋರಿಸದೆ ಅವರು ಚಹಾ ಕೊಡುತ್ತಿರಲಿಲ್ಲ.

ಅಷ್ಟರಲ್ಲಿ ಮುನಸಿಪಾಲಿಟಿಯ ನೋಟೀಸು ಬಂತು. ಅನುಮತಿಯಿಲ್ಲದೆ ಕಟ್ಟಿದ್ದೀರಿ, ಹದಿನೈದು ದಿನದಲ್ಲಿ ನಕಾಶೆ ಸಮೇತ ಅರ್ಜಿ ಕೊಡಿ, ಇಲ್ಲವೇ ಕೆಡವುತ್ತೇವೆ.

ಮನ್ಮಥಪ್ಪನವರಿಗೆ ಮೈಯೆಲ್ಲ ಉರಿಯಿತು. "ವೇರೂಳನಾಗ, ಆ ಎಲ್ಲೋರಾದಾಗ, ಗುಡ್ಡಾನೇ ಕಡದು ಗುಡಿ ಮಾಡ್ಯಾರ. ಅವರು ಯಾರಿಗಿ ಅರ್ಜಿ ಕೊಟ್ಟಿದ್ರು?"

"ಅವರು ಹೇಣ್ತಿ ಮಾತು ಕೇಳಿರಬೇಕು. ಅದಕ್ಕೇ ಇನ್ನಾ ನಿಂತಾವ."

ನಕಾಶೆ ಬರೆಯುವವನು ಅಳತೆಗೆ ಬಂದಾಗ ಮನ್ಮಥಪ್ಪ ಕಚೇರಿಯಲ್ಲಿದ್ದರು. ರುಕ್ಮಿಣಿಬಾಯಿ ಬಿಸಿ ಜೋಳದ ರೊಟ್ಟಿ, ಶೇಂಗಾಹಿಂಡಿ ಬಡಿಸಿದರು. (ಆತ ಟೇಪು ಬಿಚ್ಚಿದ್ದಕ್ಕಿಂತ ರೊಟ್ಟಿ ಮುರಿದದ್ದೇ ಹೆಚ್ಚು.) ನಾಲ್ಕು ದಿನಕ್ಕೆ ನಕಾಶೆಯ ಮೂರು ಪ್ರತಿ ಮನೆಗೆ ಬಂದವು.

"ಒಮ್ಮಿ ನೋಡಿ ಸಹಿ ಮಾಡ್ರಿ," ಎಂದರು ಆಕೆ.

"ನಾನೇ ಕಟ್ಟಿಸಿದ್ದು, ಅದರಾಗ ಏನು ನೋಡ್ಬೇಕು?" ನೀರಾವರಿ ಕಚೇರಿಯ ಹೆಡ್‌ಕ್ಲಾರ್ಕ್ ಅವರು, ಇಪ್ಪತ್ತು ವರ್ಷದಲ್ಲಿ ಒಂದು ಕಾಗದವನ್ನೂ ಓದಿ ಸಹಿ ಹಾಕಿದವರಲ್ಲ. ಪರಪರ ಮೂರು ಸಹಿ ಬಿದ್ದವು.

ಆಮೇಲೆ ಎರಡು ತಿಂಗಳ ಅಲೆದಾಟ. "ಸಾಹೇಬರು ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ." ತಾವು ದಿನವೂ ಜನರಿಗೆ ಹೇಳುವ ಮಾತನ್ನು ಮೇಜಿನ ಈಚೆಯಿಂದ ಕೇಳುವಾಗ ಎಷ್ಟು ಕಹಿ ಎಂದು ಅವರಿಗೆ ಆಗ ಗೊತ್ತಾಯಿತು. ಕಡೆಗೂ ಮಂಜೂರಾಯಿತು. ಓಣಿಗೆಲ್ಲ ಪೇಡೆ ಹಂಚಿದರು. "ಇನ್ನ ಬ್ರಹ್ಮದೇವರು ಬಂದ್ರೂ ಕೆಡವಲಾಕ ಆಗಂಗಿಲ್ಲ. ಸರ್ಕಾರಿ ಕಾಗದ!"

ಮರುದಿನ ಬ್ರಹ್ಮದೇವರ ಬದಲು ಓವರ್ಸಿಯರ್ ಬಂದ. ಮಂಜೂರಾದ ನಕಾಶೆ ಬಿಚ್ಚಿದ, ಕೋಣೆ ನೋಡಿದ, ಮತ್ತೆ ನಕಾಶೆ ನೋಡಿದ.

"ಹೇ ಕಾಯ್ ಆಹೆ ಸಾಹೇಬ್, ಏನಿದು? ನಕಾಶೆಯಲ್ಲಿ ಹತ್ತಡಿಗೆ ಹನ್ನೆರಡು ಇದೆ. ಪೂರ್ವಕ್ಕೆ ಎರಡು ಕಿಟಕಿ, ಹೊಗೆಗೂಡು, ನಿಂತು ಅಡುಗೆ ಮಾಡುವ ಕಟ್ಟೆ. ಆ ಕೋಣೆಗೆ ಅನುಮತಿ ಸಿಕ್ಕಿದೆ. ಈ ಗೂಡಿಗೆ ಸಿಕ್ಕಿಲ್ಲ. ಇದನ್ನು ಕೆಡವಿ, ನಕಾಶೆಯಂತೆ ಕಟ್ಟಿ."

ಮನ್ಮಥಪ್ಪ ನಕಾಶೆ ಕಸಿದುಕೊಂಡು ಮೊದಲ ಸಲ ಓದಿದರು. ಕೆಳಗೆ ಅವರದೇ ಸಹಿ, ಬಾಲದ ಸಮೇತ.

"ಇದು ಯಾರು ಬರೆಸಿದ್ದು?" ಎಂದು ಗುಡುಗಿದರು.

"ಆ ನಕಾಶೆ ಬರಿಯೋ ಪಾವಣಾ ಕೋಣಿ ಹ್ಯಾಂಗ ಇರಬೇಕ್ರಿ ಬಾಯಿ ಅಂತ ಕೇಳಿದ, ನಾ ಹೇಳ್ದೆ," ಎಂದರು ರುಕ್ಮಿಣಿಬಾಯಿ. "ಹ್ಯಾಂಗ ಅದ ಅಂತ ಆತ ಕೇಳಲೇ ಇಲ್ಲ."

ಓವರ್ಸಿಯರ್ ಇನ್ನೂ ಗೇಟು ದಾಟಿರಲಿಲ್ಲ. ಆಗಲೇ ಆಕೆ ಒಳಗಿನಿಂದ ತಂಬಿಗೆ, ಡಬ್ಬಿಗಳನ್ನು ಹೊರಗೆ ಸಾಗಿಸತೊಡಗಿದರು. ಕಡೆಯ ಸಲ ಬಂದಾಗ ಕೈಯಲ್ಲಿ ಹಾರೆಯಿತ್ತು. ಅದನ್ನು ಗಂಡನ ಕೈಗೆ ಕೊಟ್ಟು ಸೆರಗಿನಿಂದ ಬೆವರು ಒರೆಸಿಕೊಂಡರು.

"ಸರ್ಕಾರಿ ಕಾಗದ ಮೀರಬಾರದ್ರಿ. ಶುರು ಮಾಡ್ರಿ."