ಪಾರಿವಾಳಕ್ಕೆ ಕಟ್ಟಿದ ಕರೆಂಟು

ಖಾರಘರದ ಸಮಸ್ತ ಪಾರಿವಾಳಗಳನ್ನು ಗುಡ್ಡದ ಆಚೆಗೆ ಅಟ್ಟಿಬಿಡುತ್ತೇನೆಂದು ನಾನು ಪ್ರತಿಜ್ಞೆ ಮಾಡಿದ್ದು ಬಾಲ್ಕನಿಯ ಹಗ್ಗದಿಂದ ಆಫೀಸಿನ ಬಿಳಿ ಶರ್ಟು ತೆಗೆಯುವಾಗ. ಶರ್ಟು ಬಿಳಿಯಾಗಿ ಉಳಿದಿರಲಿಲ್ಲ! ಬೆನ್ನ ಮೇಲೆ ಭಾರತದ ನಕ್ಷೆ, ಅದರ ಕೆಳಗೆ ಸರಿಯಾದ ಜಾಗದಲ್ಲಿ ಶ್ರೀಲಂಕಾ!

"ಇನ್ನು ಸಹಿಸುವುದಿಲ್ಲ! ಈ ಹಯಗ್ರೀವನ ತಾಳ್ಮೆಗೂ ಒಂದು ಮಿತಿ ಉಂಟು. ಇವುಗಳಿಗೆ ವಿದ್ಯುತ್ ಚಿಕಿತ್ಸೆಯೇ ಆಗಬೇಕು!" ಎಂದು ಗರ್ಜಿಸಿದೆ.

"ಮೊದಲು ಆ ಶರ್ಟನ್ನು ಬಕೆಟಿಗೆ ಹಾಕಿ," ಎಂದಳು ನನ್ನ ಶ್ರೀಮತಿ. ಅವಳ ಹೆಸರೂ ಶ್ರೀಮತಿಯೇ. ನಮ್ಮ ಮದುವೆಯ ಕರೆಯೋಲೆ ಓದಿದವರು ಹುಡುಗಿಯ ಹೆಸರು ಹಾಕಲು ಮರೆತಿದ್ದಾರೆಂದೇ ತಿಳಿದಿದ್ದರು.

ನಾನು ಐರೋಲಿಯ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಮನುಷ್ಯ. ಆದರೆ ಹೋಗಿ ಬರುವ ರೈಲಿನಲ್ಲಿ ಮೊಬೈಲಿನ ವಿಡಿಯೋ ನೋಡಿ ನೋಡಿ ಎಲೆಕ್ಟ್ರಾನಿಕ್ಸಿನಲ್ಲಿ ಪಾರಂಗತನಾಗಿದ್ದೆ. ಇದು ನನ್ನ ಅಭಿಪ್ರಾಯ. ನಿಜವಾಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಮಗಳು ಅನಘಳ ಅಭಿಪ್ರಾಯ ಬೇರೆ ಇತ್ತು.

ಶನಿವಾರ ಮಧ್ಯಾಹ್ನ ಊಟದ ಮೇಜನ್ನು ಪ್ರಯೋಗಶಾಲೆ ಮಾಡಿಕೊಂಡೆ. ಹಳೆಯ ಸ್ಕೂಟರಿನ ಬ್ಯಾಟರಿ, ಸತ್ತ ಟೇಪ್ ರೆಕಾರ್ಡರಿನ ಹೊಟ್ಟೆಯಿಂದ ಕಿತ್ತ ಟ್ರಾನ್ಸ್‌ಫಾರ್ಮರ್, ಒಂದು ಪುಟ್ಟ ಟ್ರಾನ್ಸಿಸ್ಟರು, ಒಂದಿಷ್ಟು ತಂತಿ.

"ಇದೆಂತ ಮಾರಾಯ್ರೆ, ಇಟ್ಟಿಗೆಯ ಹಾಗೆ?" ಎಂದಳು ಶ್ರೀಮತಿ.

"ಟ್ರಾನ್ಸ್‌ಫಾರ್ಮರ್! ಟೇಪ್ ರೆಕಾರ್ಡರಿನಲ್ಲಿ ಇದು ದೊಡ್ಡ ವೋಲ್ಟೇಜನ್ನು ಸಣ್ಣದು ಮಾಡ್ತಿತ್ತು. ನಾನು ತಿರುಗಿಸಿ ಜೋಡಿಸ್ತೇನೆ. ಈಗ ಸಣ್ಣದನ್ನು ದೊಡ್ಡದು ಮಾಡ್ತದೆ."

"ನಿಮ್ಮ ಅಕ್ಕನ ಹಾಗೆ."

ನಾನು ವಿಜ್ಞಾನಿಯ ಗಾಂಭೀರ್ಯದಲ್ಲಿ ತಂತಿ ಸುಲಿಯತೊಡಗಿದೆ.

"ಪಪ್ಪಾ, ಸೀದಾ ಬ್ಯಾಟರಿ ಲಗಾನೇಸೇ ಟ್ರಾನ್ಸ್‌ಫಾರ್ಮರ್ ನಹೀ ಚಲ್ತಾ," ಎಂದಳು ಅನಘ. ಮರಾಠಿ ಸೀಮೆಯ ಈ ಖಾರಘರದಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ.

"ಗೊತ್ತುಂಟು! ಅದಕ್ಕೇ ಈ ಟ್ರಾನ್ಸಿಸ್ಟರು. ಬ್ಯಾಟರಿಯ ಕರೆಂಟನ್ನು ಪಟಪಟನೆ ಆನ್, ಆಫ್ ಮಾಡ್ತಾ ಇರ್ತದೆ. ಆಗ ಆ ಕಡೆಯಿಂದ ಬರ್ತದೆ ನೋಡು ಹುಲಿ! ಬರೇ ಬ್ಯಾಟರಿ ಹಚ್ಚಿದರೆ ಎಂತದೂ ಆಗುವುದಿಲ್ಲ. ನೋಡ್ತೀರಾ?"

ಗೋಡೆಯ ಗಡಿಯಾರದಿಂದ ಒಂದು ಸೆಲ್ ತೆಗೆದು ಅನಘಳ ಕೈಗೆ ಕೊಟ್ಟೆ. ಟ್ರಾನ್ಸ್‌ಫಾರ್ಮರಿನ ಆ ಕಡೆಯ ಎರಡು ತಂತಿಗಳನ್ನು ನಾನೇ ಎರಡು ಕೈಯಲ್ಲಿ ಹಿಡಿದೆ. ಅವಳು ಈ ಕಡೆ ಸೆಲ್ ಹಚ್ಚಿದಳು. ಎಂತದೂ ಆಗಲಿಲ್ಲ.

"ಕಂಡಿತಾ? ಮಕ್ಕಳೂ ಹಿಡಿದುಕೊಳ್ಳಬಹುದು. ತೆಗಿ ಇನ್ನು," ಎಂದೆ.

ಅವಳು ತೆಗೆದಳು.

ಅಯ್ಯಯ್ಯೋ! ಮೊಣಕೈವರೆಗೆ ಯಾರೋ ಒನಕೆಯಲ್ಲಿ ಬಡಿದ ಹಾಗಾಯಿತು! ನಾನು ಹಾರಿದ ರಭಸಕ್ಕೆ ಕುರ್ಚಿ ಹಿಂದಕ್ಕೆ, ಸಾರಿನ ಪಾತ್ರೆ ಕೆಳಕ್ಕೆ! ಬರುವಾಗ ಸುಮ್ಮನೆ ಬಂದು, ಹೋಗುವಾಗ ಜಗಳ ತೆಗೆದು ಹೋಗುವ ನೆಂಟರ ಬುದ್ಧಿ ಈ ಟ್ರಾನ್ಸ್‌ಫಾರ್ಮರಿನದು. ಹಚ್ಚಿದಾಗ ತೆಪ್ಪಗಿದ್ದು, ಬಿಡಿಸಿದಾಗ ಒದೆಯುತ್ತದೆ!

ನೆಲ ಒರೆಸುತ್ತಾ ಶ್ರೀಮತಿ ಆಜ್ಞೆ ಹೊರಡಿಸಿದಳು. "ಈ ಪಿಶಾಚಿಯನ್ನು ಬಾಲ್ಕನಿಗೆ ಕಟ್ಟಿದರೆ ನಾನು ತವರಿಗೆ, ತುರ್ಭೆಯ ಭುಜಂಗಣ್ಣನ ಮನೆಗೆ ಹೋಗ್ತೇನೆ, ಹೇಳಿದ್ದೇನೆ. ನಾಳೆ ಸೆಕ್ರೆಟರಿ ಲೀಕೇಜ್ ನೋಡ್ಲಿಕ್ಕೆ ಬರ್ಲಿಕ್ಕುಂಟು. ನಿಮ್ಮದೊಂದು ಕಿತಾಪತಿ ಬೇಡ."

ಮೇಲಿನ ಮನೆಯ ನೀರು ನಮ್ಮ ಬಾಲ್ಕನಿಯ ಗೋಡೆಯಲ್ಲಿ ಇಳಿದು, ಸುಣ್ಣ ಹಪ್ಪಳದ ಹಾಗೆ ಎದ್ದಿತ್ತು. ರಿಪೇರಿ ಮಾಡಿಸಬೇಕಾದದ್ದು ಕಟ್ಟಡದ ಮನೆಯವರೆಲ್ಲ ಸೇರಿ ಮಾಡಿಕೊಂಡ ಸೊಸೈಟಿ. ಸೆಕ್ರೆಟರಿ ಶಿವರಾಯರ ಹಿಂದೆ ಓಡಾಡಿ, ಲಿಫ್ಟಿನಲ್ಲಿ ಹಿಡಿದು, ಪಾರ್ಕಿಂಗಿನಲ್ಲಿ ಅಡ್ಡಗಟ್ಟಿ, ಕೊನೆಗೆ ಕಜ್ಜಾಯದ ಆಸೆ ತೋರಿಸಿ ಅವಳು ಆ ಮನುಷ್ಯನನ್ನು ಒಪ್ಪಿಸಿದ್ದಳು.

"ಕಟ್ಟುವುದಿಲ್ಲ," ಎಂದು ನಾನು ಮಾತು ಕೊಟ್ಟೆ. ಆದರೆ ಮಾತು ಕೊಟ್ಟದ್ದು ಬಾಯಿ, ಕೈಯಲ್ಲವಲ್ಲ! ಭಾನುವಾರ ಅವಳು ದೇವರ ಮುಂದೆ ಕೂತಾಗ ಕೈ ತನ್ನ ಕೆಲಸ ಮಾಡಿತು. ಬಾಲ್ಕನಿಯ ಗ್ರಿಲ್ಲಿನ ಮೇಲೆ ಪ್ಲಾಸ್ಟಿಕ್ ಕ್ಲಿಪ್ಪುಗಳ ಆಧಾರದಲ್ಲಿ ಉದ್ದಕ್ಕೆ ಒಂದು ಬೋಳು ತಂತಿ ಎಳೆದೆ. ಟ್ರಾನ್ಸ್‌ಫಾರ್ಮರಿನ ಒಂದು ತುದಿ ತಂತಿಗೆ, ಇನ್ನೊಂದು ತುದಿ ಕಬ್ಬಿಣದ ಗ್ರಿಲ್ಲಿಗೆ. ಬ್ಯಾಟರಿ ಸಮೇತ ಇಡೀ ಯಂತ್ರ ತುಳಸಿ ಕುಂಡದ ಹಿಂದೆ! ಸ್ವಿಚ್ ಒತ್ತಿದೆ. "ಞಿಂ" ಎಂದು ದುಂಬಿಯ ಹಾಗೆ ಹಾಡಿತು. ಆಹಾ! ಸೆಕ್ರೆಟರಿ ಬರುವ ಮೊದಲು ಆರಿಸಿದರಾಯಿತು ಎಂದುಕೊಂಡು ಸ್ನಾನಕ್ಕೆ ಹೋದೆ.

ಶಿವರಾಯರು ನಾನು ಸೋಪು ಹಚ್ಚಿಕೊಂಡಿದ್ದಾಗಲೇ ಬಂದುಬಿಟ್ಟರು!

ವಿಜಯಪುರದ ಕಡೆಯ ಭಾರೀ ಆಳು ಅವರು. "ಎಲ್ಲೈತ್ರಿ ವೈನೀ ಲೀಕೇಜು?" ಎಂಬ ಗುಡುಗು ಬಚ್ಚಲಿಗೇ ಕೇಳಿಸಿತು. ನಾನು ಟವೆಲ್ ಸುತ್ತಿಕೊಂಡು ಓಡಿ ಬರುವಷ್ಟರಲ್ಲಿ ಅವರು ಒಂದು ಕೈಯಲ್ಲಿ ಗ್ರಿಲ್ ಹಿಡಿದು, ಮೇಲೆ ನೋಡಲೆಂದು ಇನ್ನೊಂದು ಕೈ ತಂತಿಯ ಮೇಲಿಟ್ಟಾಗಿತ್ತು.

"ಯವ್ವಾ! ಸತ್ತ್ನೋ!"

ಬಾಲ್ಕನಿಯಿಂದ ಸೋಫಾದವರೆಗೆ ಶಿವರಾಯರು ಹಾರಿಯೇ ಬಂದರು!

"ಗ್ರಿಲ್ಲಿನ್ಯಾಗ ಕರೆಂಟ್ ಐತ್ರಿ! ನೀರಿನ ಲೀಕೇಜು ವಾಯರಿಂಗಿನ್ಯಾಗ ಇಳದದ!"

"ಎಂತ ಹೇಳ್ತೀರಿ? ದಿನಾ ಮುಟ್ಟುವ ಗ್ರಿಲ್ಲು," ಎನ್ನುತ್ತಾ ಶ್ರೀಮತಿ ಒದ್ದೆ ಕೈಯಲ್ಲೇ ತಂತಿ, ಗ್ರಿಲ್ಲು ಎರಡನ್ನೂ ಸೇರಿಸಿ ಮುಟ್ಟಿದಳು. ಮರುಕ್ಷಣ ಅವಳ ಇನ್ನೊಂದು ಕೈಯಲ್ಲಿದ್ದ ಕಜ್ಜಾಯದ ತಟ್ಟೆ ಆಕಾಶಕ್ಕೆ, ಅವಳು ನನ್ನ ಮೇಲೆ!

ನಿಜ ಹೇಳಲು ಬಾಯಿ ತೆರೆದೆ. ಶ್ರೀಮತಿಯ ಮುಖ ನೋಡಿದೆ. ತುರ್ಭೆ ನೆನಪಾಯಿತು. ಬಾಯಿ ಮುಚ್ಚಿದೆ.

ಶಿವರಾಯರು ಅಷ್ಟರಲ್ಲಿ ಫೋನಿನಲ್ಲಿ ವಾಚ್‌ಮನ್ನನಿಗೆ ಅಬ್ಬರಿಸುತ್ತಿದ್ದರು. "ಪೂರಾ ಬಿಲ್ಡಿಂಗ್ ಕಾ ಮೇನ್ ಬಂದ್ ಕರೋ! ಅಭೀ!"

ಮೇ ತಿಂಗಳ ಸೆಖೆ. ಫ್ಯಾನು ನಿಂತಿತು, ಪಂಪು ನಿಂತಿತು. ಕಿಟಕಿ ಕಿಟಕಿಯಿಂದ ಮರಾಠಿ, ಗುಜರಾತಿ, ತುಳುಗಳಲ್ಲಿ ಸೊಸೈಟಿಗೆ ಮಂಗಳಾರತಿ ಶುರುವಾಯಿತು. ಪಕ್ಕದ ಕಟ್ಟಡದಿಂದ ಎಲೆಕ್ಟ್ರಿಶಿಯನ್ ಓಡಿ ಬಂದ.

"ಅಬ್ ಕುಛ್ ನಹೀ ಹೋಗಾ ಸಾಬ್, ಮೇನ್ ಬಂದ್ ಹೈ," ಎಂದು ಧೈರ್ಯವಾಗಿ ಗ್ರಿಲ್ಲಿಗೆ ಒರಗಿ ತಂತಿ ಹಿಡಿದ. ಹಿಡಿದವನು ಕುಪ್ಪಳಿಸಿ ಬಂದು ನನ್ನ ಟವೆಲ್ ಹಿಡಿದುಕೊಂಡ!

"ಮೇನ್ ಬಂದ್ ಹೈ, ಫಿರ್ ಭೀ ಕರಂಟ್! ಯೇ ಕ್ಯಾ ಚೀಜ್ ಹೈ?"

ಶಿವರಾಯರ ಮುಖ ಬಿಳಿಚಿತು. "ಲೈಟಿನವರಿಗೆ ಫೋನ್ ಮಾಡಿ ಇಡೀ ಸೆಕ್ಟರ್ ಬಂದ್ ಮಾಡಸ್ತೀನ್ರಿ!"

ಅಷ್ಟರಲ್ಲಿ ಅನಘ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದಳು. "ಅಂಕಲ್, ಆಪಕೀ ಆಯೀ ಲಿಫ್ಟ್ ಮೇ ಫಸ್ ಗಯೀ ಹೈ!"

ಶಿವರಾಯರ ತಾಯಿ ಗುರಮ್ಮ! ದಿನವೂ ಟೆರೇಸಿಗೆ ಹೋಗುವ ಮುದುಕಿ ನಡುದಾರಿಯಲ್ಲಿ, ಕತ್ತಲಲ್ಲಿ, ಸೆಖೆಯಲ್ಲಿ ಸಿಕ್ಕಿಬಿದ್ದಿದ್ದರು. ಲಿಫ್ಟು ಏರಬೇಕಾದರೆ ಕರೆಂಟು ಬೇಕು. ಶಿವರಾಯರು ತಲೆ ಹಿಡಿದುಕೊಂಡರು. "ಕರೆಂಟ್ ಕೊಟ್ರ ಯಾರರ ಸಾಯ್ತಾರ, ಕೊಡದಿದ್ರ ನಮ್ಮವ್ವ... ಏನ್ ಮಾಡ್ಲೆಪಾ ದೇವರ!" ಆ ಗುಡುಗಿನ ಗಂಟಲು ಮೊದಲ ಸಲ ನಡುಗಿದ್ದು ಕೇಳಿದೆ. ಇನ್ನು ತುರ್ಭೆಯಾದರೂ ಸರಿ, ಜೈಲಾದರೂ ಸರಿ!

"ಶಿವರಾಯರೇ, ಮೇನ್ ಹಾಕಿಸಿ. ಕರೆಂಟು ಕಟ್ಟಡದ್ದಲ್ಲ, ನನ್ನದು. ತುಳಸಿ ಕುಂಡದ ಹಿಂದೆ ಉಂಟು."

ಎಲ್ಲರೂ ಕುಂಡದ ಹಿಂದೆ ಬಗ್ಗಿ ನೋಡಿದರು. "ಞಿಂ" ಎಂದಿತು ಯಂತ್ರ. ಶ್ರೀಮತಿ ನನ್ನನ್ನೇ ನೋಡುತ್ತಾ ನೆಲದ ಕಜ್ಜಾಯಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು!

ಮೇನ್ ಹಾಕಿದರು. ಲಿಫ್ಟು ನಮ್ಮ ಮಹಡಿಯಲ್ಲೇ ತೆರೆಯಿತು. ಬೆವರಿನಲ್ಲಿ ತೊಯ್ದ ಗುರಮ್ಮ ಜೋಳದ ಡಬ್ಬಿ ಎದೆಗವಚಿಕೊಂಡು ಹೊರಬಂದರು. ಜೋಳವೇಕೆಂದರೆ, ಟೆರೇಸಿನಲ್ಲಿ ದಿನವೂ ಪಾರಿವಾಳಗಳಿಗೆ ಹಾಕಲಿಕ್ಕೆ! ಶ್ರೀಮತಿ ಕೊಟ್ಟ ನೀರು ಕುಡಿದು, ಮಗನಿಂದ ವಿಷಯ ತಿಳಿದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನನ್ನ ಹಕ್ಕಿಗೆ ಕರೆಂಟ್ ಹಿಡಿಸಾಂವ ನೀನೇನು? ಎಲ್ಲಿ ಅದಾವು? ಸತ್ತೇನ್ ಹೋದ್ವು?"

ಎಲ್ಲರೂ ಬಾಲ್ಕನಿಯತ್ತ ತಿರುಗಿದೆವು. ಬಿಗಿಯಾದ ನನ್ನ ತಂತಿಯ ಮೇಲೆ ಒಂದು ಜೋಡಿ ಪಾರಿವಾಳ ಭುಜಕ್ಕೆ ಭುಜ ತಾಗಿಸಿ ಕೂತು "ಗುಟುರ್ ಗುಟುರ್" ಎನ್ನುತ್ತಿದ್ದವು!

"ಅವಕ್ಕ್ಯಾಕ ಹೊಡೀವಲ್ದ್ರಿ?" ಎಂದರು ಶಿವರಾಯರು, ನೋಯುವ ಮೊಣಕೈ ತಿಕ್ಕುತ್ತಾ.

ಅನಘ ನಿಟ್ಟುಸಿರು ಬಿಟ್ಟಳು. "ಪಪ್ಪಾ, ದೋನೋ ಪೈರ್ ಏಕ್ ಹೀ ತಾರ್ ಪೇ ಹೈ. ಸರ್ಕಿಟ್ ಪೂರಾ ಹೀ ನಹೀ ಹೋತಾ."

ತಂತಿಯನ್ನೂ ಗ್ರಿಲ್ಲನ್ನೂ ಒಟ್ಟಿಗೆ ಮುಟ್ಟಿದವರಿಗೆ ಮಾತ್ರ ಶಾಕು. ಪಾರಿವಾಳಗಳು ಬರೀ ತಂತಿಯ ಮೇಲೆ ಕೂರುತ್ತವೆ. ಒಟ್ಟಿನಲ್ಲಿ ನಾನು ಸೃಷ್ಟಿಸಿದ್ದು ಮನುಷ್ಯರನ್ನು ಮಾತ್ರ ಓಡಿಸುವ ಯಂತ್ರ!

"ನಿಮ್ಮ ಗ್ವಾಡಿ ಲೀಕೇಜ್ ಆಮ್ಯಾಲೆ ನೋಡೂಣ್ರಿ," ಎಂದರು ಶಿವರಾಯರು. "ಮೊದಲ ನಿಮ್ಮ ತಲಿ ಲೀಕೇಜ್ ರಿಪೇರಿ ಮಾಡಸ್ರಿ! ಬಿಚ್ಚ್ರಿ ಅದನ್ನ!"

ಅವಸರದಲ್ಲಿ ಬಿಚ್ಚಲು ಹೋದೆ. ಸ್ವಿಚ್ ಆರಿಸಬೇಕೆಂಬುದು ಆ ಅವಮಾನದಲ್ಲಿ ಯಾರಿಗೆ ನೆನಪಿರುತ್ತದೆ? ಒಂದು ಕೈ ಗ್ರಿಲ್ಲಿಗೆ, ಒಂದು ಕೈ ತಂತಿಗೆ.

"ಅಯ್ಯೋ ಅಮ್ಮಾ!"

ನನ್ನ ಕೂಗು ಗುಡ್ಡಕ್ಕೆ ಬಡಿದು ವಾಪಸ್ಸು ಬಂತು. ಪಾರಿವಾಳಗಳೆರಡೂ ಬೆಚ್ಚಿ, ರೆಕ್ಕೆ ಪಟಪಟಿಸಿ, ಆಚೆ ಕಟ್ಟಡವನ್ನೂ ದಾಟಿ ಹಾರಿಹೋದವು!

ಶ್ರೀಮತಿ ಹಾರಿಹೋದ ಜೋಡಿಯತ್ತ ಕೈ ತೋರಿಸಿದಳು.

"ನೋಡಿ, ಹೋದವು! ಇಷ್ಟಕ್ಕೆ ಬ್ಯಾಟರಿ ಎಂತಕ್ಕೆ, ಟ್ರಾನ್ಸ್‌ಫಾರ್ಮರ್ ಎಂತಕ್ಕೆ ಮಾರಾಯ್ರೆ? ದಿನಾ ಬೆಳಿಗ್ಗೆ ಇಲ್ಲಿ ನಿಂತು ಒಮ್ಮೆ ಹೀಗೇ ಬೊಬ್ಬೆ ಹೊಡೀರಿ, ಸಾಕು!"